ಸಂಯುಕ್ತ ಸಂಖ್ಯೆಗಳ ಪರವಾಗಿ ಒಂದು ತಕರಾರು

ದೈತ್ಯ ಅವಿಭಾಜ್ಯ ಸಂಖ್ಯೆಯೊಂದು ಸಿಕ್ಕಿದಾಗಲೆಲ್ಲ ಸುದ್ದಿಯೋ ಸುದ್ದಿ. 2024ರ ಅಕ್ಟೋಬರ್‌ನಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳದ್ದೊಂದು ಸಿಕ್ಕಾಗಲೂ ಹಾಗೇ ಆಯಿತು. ಸಂತೋಷವೇ. ಆದರೆ ಆ ಹುಡುಕಾಟದಲ್ಲಿ 'ಇದಲ್ಲ' ಅಂತ ಪಕ್ಕಕ್ಕೆ ತಳ್ಳಿದ ಸಂಯುಕ್ತ ಸಂಖ್ಯೆಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ನನ್ನನ್ನು ಕೇಳಿದರೆ ಸ್ವಾರಸ್ಯ ಇರುವುದೇ ಅಲ್ಲಿ.

ಒಂದು ಉದಾಹರಣೆ ನೋಡಿ. 1277 ಎರಡುಗಳನ್ನು ಒಟ್ಟಿಗೆ ಗುಣಿಸಿ 1 ಕಳೆಯಿರಿ. ಬರುವುದು 385 ಅಂಕಿಗಳ ಸಂಖ್ಯೆ, ಫೋನಿನ ಒಂದು ಪರದೆಯಲ್ಲಿ ಆರಾಮಾಗಿ ಹಿಡಿಯುತ್ತದೆ. ಇದು ಅವಿಭಾಜ್ಯ ಅಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಇದನ್ನು ಭಾಗಿಸುವ ಒಂದೇ ಒಂದು ಸಂಖ್ಯೆಯೂ ಇನ್ನೂ ಸಿಕ್ಕಿಲ್ಲ!

ಅಪವರ್ತನ ಸಿಗದೆ ಸಂಯುಕ್ತ ಅಂತ ಹೇಳಿದ್ದು ಹೇಗೆ? ಇದರದೇ ಜಾತಿಯ ಪುಟ್ಟ ಸಂಖ್ಯೆ 2047ನ್ನು ತೆಗೆದುಕೊಳ್ಳಿ. 11 ಎರಡುಗಳ ಗುಣಲಬ್ಧಕ್ಕೆ 1 ಕಡಿಮೆ. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ, 2047ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಅದನ್ನೇ ಮತ್ತೆ ವರ್ಗ ಮಾಡಿ. 14, 194, 788, 701, 119... ಹೀಗೆ ಒಂಬತ್ತು ಸಲ, ಅಂದರೆ 11ಕ್ಕಿಂತ ಎರಡು ಕಡಿಮೆ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಬರುವುದು 1736. ಮುಗಿಯಿತು, 2047 ಸಂಯುಕ್ತ. ಅದು 23 ಗುಣಿಸು 89 ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ತಲೆ ಹಾಕಲಿಲ್ಲ. ಲೂಕಾಸ್ ಮತ್ತು ಲೆಹ್ಮರ್ ಹೆಸರಿನ ಪರೀಕ್ಷೆ ಇದು. ಇಷ್ಟು ಸರಳವಾದದ್ದು ಇಷ್ಟು ದೊಡ್ಡ ತೀರ್ಪು ಕೊಡುವುದನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಂತ ಕೈಗೆ ಸಿಗದ ಆ ಅಪವರ್ತನಗಳ ಬಗ್ಗೆ ಏನೂ ಗೊತ್ತಿಲ್ಲ ಅಂತಲ್ಲ. 23ರಲ್ಲಿ 1 ಕಳೆದರೆ 22, 89ರಲ್ಲಿ ಕಳೆದರೆ 88. ಎರಡೂ 22ರ ಗುಣಕಗಳು, 11ರ ಎರಡರಷ್ಟು. ಇದು ಆಕಸ್ಮಿಕ ಅಲ್ಲ. ಅದೇ ನಿಯಮದಂತೆ ನಮ್ಮ 385 ಅಂಕಿಯವನ ಯಾವ ಅಪವರ್ತನವೇ ಆದರೂ 2554ರ ಯಾವುದೋ ಗುಣಕಕ್ಕೆ 1 ಕೂಡಿಸಿದ್ದೇ ಆಗಿರಬೇಕು. ಜೊತೆಗೆ 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಉಳಿಯಬೇಕು. ಚಹರೆ ಪೂರ್ತಿ ಗೊತ್ತು, ಆಸಾಮಿ ಮಾತ್ರ ನಾಪತ್ತೆ.

67 ಎರಡುಗಳನ್ನು ಗುಣಿಸಿ 1 ಕಳೆದರೆ ಬರುವ ಸಂಖ್ಯೆಯದೂ ಒಂದು ಕಾಲಕ್ಕೆ ಇದೇ ಕಥೆ. ಅದು ಸಂಯುಕ್ತ ಅಂತ ಲೂಕಾಸ್ 1876ರಲ್ಲೇ ತೋರಿಸಿದ್ದರು, ಅಪವರ್ತನ ಕೊಟ್ಟಿರಲಿಲ್ಲ. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಅದನ್ನು ಒಡೆದು ತೋರಿಸಿದರು: 193707721 ಗುಣಿಸು 761838257287. ಒಂದೂ ಮಾತಾಡದೆ ಬೋರ್ಡಿನ ಮೇಲೆ ಗುಣಾಕಾರ ಮಾಡಿ ಹೋಗಿ ಕೂತರು ಅಂತ ಕಥೆ ಹೇಳುತ್ತಾರೆ (ಸ್ವಲ್ಪ ಉಪ್ಪುಖಾರ ಸೇರಿರಬಹುದು). ಗುಣಾಕಾರವನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಹುಡುಕಲು ಹಿಡಿದದ್ದು ಮೂರು ವರ್ಷದ ಭಾನುವಾರಗಳಂತೆ.

ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಅನ್ನುವ ಇದೇ ನಂಬಿಕೆಯ ಮೇಲೆ, ಕಂಪ್ಯೂಟರ್ ಸಂದೇಶಗಳನ್ನು ಗುಟ್ಟಾಗಿಡುವ ಆರ್‌ಎಸ್‌ಎ ಗೂಢಲಿಪಿ ನಿಂತಿದೆ. 250 ಅಂಕಿಗಳ ಅಂಥ ಒಂದು ಸವಾಲಿನ ಸಂಖ್ಯೆಯನ್ನು 2020ರಲ್ಲಿ ಒಡೆದರು. 617 ಅಂಕಿಗಳದ್ದು ಇನ್ನೂ ಜಗ್ಗಿಲ್ಲ. 'ನಂಬಿಕೆ' ಅಂದದ್ದು ಬೇಕಂತಲೇ. ಅವಿಭಾಜ್ಯವೋ ಅಲ್ಲವೋ ಅನ್ನುವುದನ್ನು ಯಾವ ಸಂಖ್ಯೆಗಾದರೂ ಬೇಗ ತೀರ್ಮಾನಿಸಬಹುದು ಅಂತ 2002ರಲ್ಲಿ ಐಐಟಿ ಕಾನ್ಪುರದ ಅಗ್ರವಾಲ್, ಕಯಾಲ್, ಸಕ್ಸೇನಾ ಸಾಧಿಸಿದರು. ಆದರೆ ನಾವು ಬಳಸುವ ಸಾಮಾನ್ಯ ಕಂಪ್ಯೂಟರಿನಲ್ಲಿ ಬೇಗ ಒಡೆಯುವ ದಾರಿ ಇಲ್ಲವೇ ಇಲ್ಲ ಅಂತ ಯಾರೂ ಸಾಧಿಸಿಲ್ಲ. ಸಿಕ್ಕಿಲ್ಲ, ಅಷ್ಟೇ.

ಅದಕ್ಕೇ ಹೇಳಿದ್ದು, ಮುಂದಿನ ಸಲ ಅತಿದೊಡ್ಡ ಅವಿಭಾಜ್ಯದ ಸುದ್ದಿ ಬಂದಾಗ ಹಂಚಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಆ 385 ಅಂಕಿಗಳ ಸಂಖ್ಯೆಗೆ ಒಂದು ಅಪವರ್ತನ ಸಿಕ್ಕಿತು ಅಂತ ಯಾರಾದರೂ ಹಾಕಿದರೆ, ದಯವಿಟ್ಟು ನನ್ನನ್ನು ಟ್ಯಾಗ್ ಮಾಡಿ.