ಗಾಂಜಾ ಸಕ್ರಮ, ಗಿಡ ಅಕ್ರಮ

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಯಾರು ಬೇಕಾದರೂ ಪರವಾನಗಿ ಪಡೆದ ಅಂಗಡಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ತೆರಿಗೆ ತೆತ್ತು ಗಾಂಜಾ ಕೊಳ್ಳಬಹುದು. 6 ಔನ್ಸ್‌ವರೆಗೆ, ಎಂದರೆ ಸುಮಾರು 170 ಗ್ರಾಂವರೆಗೆ, ಅದನ್ನು ತಮ್ಮ ಬಳಿ ಇಟ್ಟುಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಆದರೆ ಅದೇ ಸಭ್ಯ ಗ್ರಾಹಕರು ಅಡುಗೆಮನೆಯ ಕಿಟಕಿಯ ಬಳಿ ಕುಂಡವೊಂದನ್ನಿಟ್ಟು ಒಂದೇ ಒಂದು ಗಾಂಜಾ ಗಿಡ ಬೆಳೆಸಿದರೆ ಅದು ಮೂರನೆಯ ದರ್ಜೆಯ ಅಪರಾಧವಾಗಿ, ಮೂರರಿಂದ ಐದು ವರ್ಷಗಳ ಸೆರೆವಾಸಕ್ಕೂ 25,000 ಡಾಲರ್‌ವರೆಗಿನ ದಂಡಕ್ಕೂ ದಾರಿಯಾಗಬಹುದು. ವೈದ್ಯರ ಚೀಟಿ ಹಿಡಿದ ರೋಗಿಗೂ ಇದರಲ್ಲಿ ರಿಯಾಯಿತಿಯಿಲ್ಲ. ಗಿಡದಿಂದ ಬಂದ ಹೂವು ಸಜ್ಜನ, ಹೂ ಬಿಟ್ಟ ಗಿಡ ಪಾತಕಿ ಎಂಬ ಈ ಸಸ್ಯಶಾಸ್ತ್ರವನ್ನು ಯಾವ ಕೃಷಿ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಅದು ಶಾಸನಸಭೆಗಳಲ್ಲಿ ಮಾತ್ರ ದೊರೆಯುವ ವಿದ್ಯೆ.

ಹಣ ಕಟ್ಟಿಸಿಕೊಂಡು ಅಕ್ರಮವನ್ನು ಸಕ್ರಮಗೊಳಿಸುವ ಯೋಜನೆಗಳನ್ನು ಕಂಡು ಪಳಗಿದ ಕನ್ನಡಿಗರಿಗೆ ಈ ತತ್ವ ತಿಳಿಯುವುದು ಕಷ್ಟವೇನಲ್ಲ. 2012ರಲ್ಲಿ ಕೊಲರಾಡೊ ಜೊತೆಯಲ್ಲಿ ಜನಮತದ ಮೂಲಕ ಗಾಂಜಾವನ್ನು ಕಾನೂನುಬದ್ಧಗೊಳಿಸಿ ಇಡೀ ದೇಶಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟ ವಾಷಿಂಗ್ಟನ್ ರಾಜ್ಯವು, ಅಂಗಡಿಗಳು ಬಾಗಿಲು ತೆರೆದು ಹತ್ತು ವರ್ಷ ಕಳೆದರೂ ಸಾಮಾನ್ಯ ನಾಗರಿಕನ ಮನೆಯ ಗಿಡವನ್ನು ಘೋರ ಅಪರಾಧಗಳ ಸಾಲಿನಿಂದ ಇಳಿಸಲಿಲ್ಲ. ಕೊಲರಾಡೊದಲ್ಲಿ ತಲೆಗೆ ಆರು ಗಿಡ, ಮಿಷಿಗನ್‌ನಲ್ಲಿ ಮನೆಗೆ ಹನ್ನೆರಡು, ಮೇರಿಲ್ಯಾಂಡ್‌ನಲ್ಲಿ ಎರಡು, ಡೆಲವೇರ್‌ನಲ್ಲಿ ಸೊನ್ನೆ. ರಾಜ್ಯದ ಗಡಿ ದಾಟಿದೊಡನೆ ಪಾಪಪುಣ್ಯಗಳ ಲೆಕ್ಕ ಬದಲಾಗುವ ಈ ಪರಿಸ್ಥಿತಿಯಲ್ಲಿ, ಫೆಡರಲ್ ಸರ್ಕಾರವೇ, ಎಂದರೆ ಅಲ್ಲಿನ ಕೇಂದ್ರ ಸರ್ಕಾರವೇ, ಒಂದು ದಿನ ಗಾಂಜಾವನ್ನು ಕಾನೂನುಬದ್ಧಗೊಳಿಸಿ ತಮ್ಮ ಕೈತೋಟಗಳನ್ನು ಉದ್ಧರಿಸುತ್ತದೆ ಎಂದು ಸಣ್ಣ ಬೆಳೆಗಾರರು ಕಾದಿದ್ದಾರೆ. ಅವರ ಮುಗ್ಧತೆಗೆ ಕೈಮುಗಿಯಬೇಕು.

ಸದ್ಯ ಆ ಸರ್ಕಾರ ಗಿಡಗಳನ್ನು ಹೇಗೆ ನೋಡುತ್ತದೆ ಎಂಬುದನ್ನು ಗಮನಿಸೋಣ. 1970ರ ನಿಯಂತ್ರಿತ ವಸ್ತುಗಳ ಕಾಯ್ದೆಯು ಗಾಂಜಾವನ್ನು ಹೆರಾಯಿನ್ ಪಕ್ಕದಲ್ಲಿ, ಎಲ್ಲಕ್ಕಿಂತ ಬಿಗಿಯಾದ ಮೊದಲನೆಯ ಪಟ್ಟಿಯಲ್ಲಿ ಕೂರಿಸಿತು. ರಾಜ್ಯದ ಕಾನೂನು ಏನೇ ಹೇಳಲಿ, ಐವತ್ತಕ್ಕಿಂತ ಕಡಿಮೆ ಗಿಡ ಬೆಳೆದವರಿಗೂ ಫೆಡರಲ್ ಕಾನೂನಿನಲ್ಲಿ ಐದು ವರ್ಷದವರೆಗೆ ಸೆರೆ, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ ಕಾದಿದೆ. ಗಿಡವೆಂದರೆ ಯಾವುದು ಎಂಬ ಪ್ರಶ್ನೆಗೂ ಶಿಕ್ಷೆಯ ಮಾರ್ಗಸೂಚಿಯಲ್ಲಿ ಉತ್ತರವಿದೆ: ಎಲೆಗಳಿದ್ದು, ಕಣ್ಣಿಗೆ ಸುಲಭವಾಗಿ ಕಾಣುವಂತೆ ಬೇರೊಡೆದಿದ್ದರೆ ಅದು ಗಿಡ. ಆದ್ದರಿಂದ ಮಂಡಿಯೂರಿ ಕುಳಿತು, ಸಸಿಯನ್ನು ಮಣ್ಣಿನಿಂದ ಮೆಲ್ಲನೆ ಎಬ್ಬಿಸಿ, ಬಿಳಿಯ ಎಳೆಯೊಂದು ಬೇರೋ ಬೂಷ್ಟೋ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸುವ ಶಸ್ತ್ರಧಾರಿ ಅಧಿಕಾರಿಯನ್ನು ನಾವು ಗೌರವದಿಂದ ಕಲ್ಪಿಸಿಕೊಳ್ಳಬೇಕು. ಬೇರು ಕಂಡರೆ ಆ ಬೆರಳುದ್ದದ ಸಸಿಯ ತೂಕ, ಶಿಕ್ಷೆಯ ಲೆಕ್ಕಕ್ಕೆ, ಕನಿಷ್ಠ 100 ಗ್ರಾಂ. ಲಿಂಗಭೇದವಂತೂ ಇಲ್ಲವೇ ಇಲ್ಲ. ಅಮಲಿನ ಹೂ ಬಿಡದ ಗಂಡು ಗಿಡಕ್ಕೂ ಹೆಣ್ಣು ಗಿಡದಷ್ಟೇ ತೂಕವೆಂದು ಮಾರ್ಗಸೂಚಿ ಸ್ಪಷ್ಟವಾಗಿ ಸಾರುತ್ತದೆ. ಸಮಾನತೆಯ ಆದರ್ಶವನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ಸರ್ಕಾರಿ ದಾಖಲೆ ಇನ್ನೊಂದಿರಲಾರದು.

ಬೀಜದ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಅಮಲಿನ ಅಂಶವಾದ ಟಿಎಚ್‌ಸಿ ಶೇ 0.3ನ್ನು ಮೀರದಿದ್ದರೆ ಅದು ಗಾಂಜಾ ಅಲ್ಲ, ಸೆಣಬಿನಂತಹ ಹೆಂಪ್ ಬೆಳೆ ಎಂದು 2018ರ ಕೃಷಿ ಮಸೂದೆ ಹೇಳಿತು. ಬೀಜದಲ್ಲಿ ಅಮಲು ಇರುವುದಿಲ್ಲವಾದ್ದರಿಂದ ಎಂಥ ಗಾಂಜಾ ತಳಿಯ ಬೀಜವೂ ಕಾನೂನುಬದ್ಧವೇ ಆಯಿತು. 2022ರಲ್ಲಿ ಮಾದಕವಸ್ತು ನಿಗ್ರಹ ದಳವೇ ಇದನ್ನು ಪತ್ರಮುಖೇನ ಒಪ್ಪಿಕೊಂಡಿತು. ಹೀಗೆ ಬೀಜವನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು, ಡಬ್ಬಿಯಲ್ಲಿ ಜೋಪಾನವಾಗಿ ಇಡಬಹುದು, ಬಂದವರಿಗೆ ತೋರಿಸಬಹುದು. ನೀರು ತಾಕಿ ಮೊಳಕೆಯೊಡೆದು ಬೇರು ಕಂಡ ಕ್ಷಣದಿಂದ ಅಪರಾಧ. ಕೊನೆಗೆ ಈ ವಿರೋಧಾಭಾಸ ಸಂಸತ್ತಿನ ಗಮನಕ್ಕೂ ಬಂದು, 2025ರ ನವೆಂಬರ್‌ನಲ್ಲಿ ಅದನ್ನು ಸರಿಪಡಿಸಲಾಯಿತು. ಹೇಗೆಂದರೆ, ಒಂದು ವರ್ಷದ ನಂತರ ಜಾರಿಗೆ ಬರುವಂತೆ, ತಾಯಿ ಗಿಡದಲ್ಲಿ ಅಮಲು ಮಿತಿ ಮೀರಿದ್ದರೆ ಅದರ ಮೊಳೆಯಬಲ್ಲ ಬೀಜವೂ ಅಕ್ರಮ. ಗಿಡವನ್ನು ನಿರ್ದೋಷಿಯೆನ್ನುವ ಬದಲು ಬೀಜವನ್ನೇ ಹುಟ್ಟಾ ಅಪರಾಧಿಯೆಂದು ಸಾರಿ ತರ್ಕದೋಷವನ್ನು ನಿವಾರಿಸಿದರು.

ಮನೆಯಲ್ಲಿ ಬೆಳೆದು ಮನೆಯಲ್ಲೇ ಮುಗಿಸುವ ವಸ್ತುವಿನ ಗೊಡವೆ ವಾಷಿಂಗ್ಟನ್ ಡಿ.ಸಿ.ಯಲ್ಲಿ ಕುಳಿತ ಸರ್ಕಾರಕ್ಕೇಕೆ ಎಂದು ಕೇಳುವವರು ಗೋಧಿಯ ಕಥೆಯನ್ನು ತಿಳಿಯಬೇಕು. ಒಹಾಯೊದ ರೈತ ರಾಸ್ಕೊ ಫಿಲ್‌ಬರ್ನ್‌ಗೆ ಸರ್ಕಾರ 11.1 ಎಕರೆಯಲ್ಲಿ ಗೋಧಿ ಬಿತ್ತಲು ಮಾತ್ರ ಅನುಮತಿ ಕೊಟ್ಟಿತ್ತು. ಆತ 23 ಎಕರೆ ಬಿತ್ತಿದ. ಹೆಚ್ಚುವರಿಯಾಗಿ ಬಂದ 239 ಬುಷೆಲ್‌ಗಳಿಗೆ 117 ಡಾಲರ್ 11 ಸೆಂಟ್ ದಂಡ ಬಿತ್ತು. ಆ ಗೋಧಿ ದನಕರುಗಳಿಗೆ, ಮನೆಯ ಹಿಟ್ಟಿಗೆ, ಮುಂದಿನ ವರ್ಷದ ಬಿತ್ತನೆಗೆ ಎಂದು ಆತ ವಾದಿಸಿದ. ಮನೆಯಲ್ಲಿ ಗೋಧಿ ಇರುವವನು ಪೇಟೆಯಲ್ಲಿ ಗೋಧಿ ಕೊಳ್ಳುವುದಿಲ್ಲ, ಇಂಥವರೆಲ್ಲ ಸೇರಿದರೆ ಬೆಲೆಯ ಮೇಲೆ ಪರಿಣಾಮವಾಗುತ್ತದೆ, ಆದ್ದರಿಂದ ಮನೆಯ ಗೋಧಿಯೂ ಫೆಡರಲ್ ಸರ್ಕಾರ ನಿಯಂತ್ರಿಸಬಲ್ಲ ಅಂತರರಾಜ್ಯ ವ್ಯಾಪಾರದ ವ್ಯಾಪ್ತಿಗೆ ಬರುತ್ತದೆ ಎಂದು 1942ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಕೊಳ್ಳದೆ ಇರುವುದೂ ಒಂದು ಬಗೆಯ ವ್ಯಾಪಾರವೆಂಬ ಈ ಅದ್ವೈತವನ್ನು ಅರಗಿಸಿಕೊಂಡವರಿಗೆ ಮುಂದಿನದು ಸುಲಭ.

ಅರವತ್ತು ವರ್ಷಗಳ ನಂತರ, 2002ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ವೈದ್ಯರ ಸಲಹೆಯ ಮೇರೆಗೆ ಗಾಂಜಾ ಬಳಸುತ್ತಿದ್ದ ಮಹಿಳೆಯೊಬ್ಬರ ಮನೆಗೆ ಅಧಿಕಾರಿಗಳು ಬಂದರು. ಸ್ಥಳೀಯ ಅಧಿಕಾರಿಗಳು ಪರಿಶೀಲಿಸಿ, ರಾಜ್ಯದ ಕಾನೂನಿನಂತೆ ಎಲ್ಲವೂ ಸರಿಯಾಗಿದೆ ಎಂದರು. ಫೆಡರಲ್ ಅಧಿಕಾರಿಗಳು ಸರಿಯಿಲ್ಲ ಎಂದರು. ಮೂರು ಗಂಟೆಗಳ ಜಗ್ಗಾಟದ ನಂತರ ಆರು ಗಿಡಗಳನ್ನು ನಾಶಮಾಡಲಾಯಿತು. ಆ ಆರು ಗಿಡಗಳ ದಾವೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2005ರಲ್ಲಿ ಆರು-ಮೂರರ ಬಹುಮತದಿಂದ ಫೆಡರಲ್ ಸರ್ಕಾರಕ್ಕೇ ಜಯವಾಯಿತು. ಆಧಾರ, ಅದೇ ಹಳೆಯ ಗೋಧಿ. ಹೀಗಾದರೆ ದೇಶದಾದ್ಯಂತ ಹೆಂಗಸರು ಸೇರಿ ಕೌದಿ ಹೊಲಿಯುವ ಕೂಟಗಳನ್ನೂ ನೆರೆಹೊರೆಯವರು ಬುತ್ತಿ ತಂದು ಹಂಚಿಕೊಂಡು ಉಣ್ಣುವ ಊಟಗಳನ್ನೂ ಸರ್ಕಾರ ನಿಯಂತ್ರಿಸಬಹುದಲ್ಲ ಎಂದು ಭಿನ್ನಮತ ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಕೇಳಿದರು. ಅವರು ವ್ಯಂಗ್ಯವಾಗಿ ಕೇಳಿದ್ದನ್ನು ಯಾರೂ ಸಲಹೆಯೆಂದು ಭಾವಿಸದಿದ್ದುದು ದೇಶದ ಪುಣ್ಯ.

ಈ ತೀರ್ಪಿನ ಸೊಗಸೆಂದರೆ ಇದು ನಿಷೇಧದ ಕಾಲಕ್ಕಷ್ಟೇ ಸೀಮಿತವಲ್ಲ. ಗಾಂಜಾ ನಾಳೆ ಕಾನೂನುಬದ್ಧ ಸರಕಾದರೆ ಮನೆಯ ಗಿಡವನ್ನು ಹಿಡಿಯುವ ಅಧಿಕಾರ ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಆಗ ನಿಜವಾಗಿಯೂ ಒಂದು ರಾಷ್ಟ್ರೀಯ ಮಾರುಕಟ್ಟೆ ಇರುತ್ತದೆ. ಇಂದು ಆ ಗಿಡ ಮಾದಕವಸ್ತು. ನಾಳೆ ಅದು ತೆರಿಗೆ ತಪ್ಪಿಸುವ ಪ್ರತಿಸ್ಪರ್ಧಿ. ಮೊದಲನೆಯ ಅಪರಾಧವನ್ನು ಕ್ಷಮಿಸಬಲ್ಲ ಸರ್ಕಾರಗಳಿವೆ, ಎರಡನೆಯದನ್ನು ಕ್ಷಮಿಸಿದ ಸರ್ಕಾರವನ್ನು ನಾನು ಕಂಡಿಲ್ಲ. ಷೂಮರ್, ಬೂಕರ್, ವೈಡನ್ ಎಂಬ ಮೂವರು ಸೆನೆಟರುಗಳು 2022ರಲ್ಲಿ ಮಂಡಿಸಿದ ಕಾನೂನುಬದ್ಧಗೊಳಿಸುವ ಮಸೂದೆಯಲ್ಲಿ ಶೇ 10ರಿಂದ ಆರಂಭವಾಗಿ ಶೇ 25ಕ್ಕೆ ಏರುವ ಅಬಕಾರಿ ತೆರಿಗೆಯಿತ್ತು. ಮನೆಯ ಕುಂಡ ಶೇಕಡಾವಾರು ಏನನ್ನೂ ಕೊಡುವುದಿಲ್ಲ. ಇನ್ನು, ಗಾಂಜಾವನ್ನು ಮೊದಲನೆಯ ಪಟ್ಟಿಯಿಂದ ಮೂರನೆಯದಕ್ಕೆ ಇಳಿಸುವ ಪ್ರಸ್ತಾವವನ್ನು 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಮುಂದಿಟ್ಟಿತು. 2025ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ತ್ವರಿತಗೊಳಿಸಲು ಆದೇಶಿಸಿದರು. ಹಾಗೆ ಇಳಿದರೆ ಕಂಪನಿಗಳು ಬಾಡಿಗೆ, ಸಂಬಳಗಳನ್ನು ವೆಚ್ಚವಾಗಿ ತೋರಿಸಿ ಆದಾಯ ತೆರಿಗೆ ಉಳಿಸಬಹುದು. ಕಿಟಕಿಯ ಕುಂಡಕ್ಕೆ ಸಂಬಳದ ನೌಕರರಿಲ್ಲದ ಕಾರಣ ಈ ಸುಧಾರಣೆಯ ಫಲ ಅದಕ್ಕೆ ತಲುಪುವುದಿಲ್ಲ.

ಮದ್ಯದ ಇತಿಹಾಸ ಇನ್ನೂ ಧೈರ್ಯ ತುಂಬುತ್ತದೆ. 1933ರಲ್ಲಿ ಪಾನನಿಷೇಧ ಕೊನೆಗೊಂಡಿತು, ಬಿಯರ್ ಕಂಪನಿಗಳು ಮರುಹುಟ್ಟು ಪಡೆದವು. ಮನೆಯಲ್ಲಿ ಬಿಯರ್ ತಯಾರಿಸುವವರಿಗೆ ಅನುಮತಿ ಸಿಕ್ಕಿದ್ದು ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಮೇಲೆ. ಈಗ ಒಬ್ಬರಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಗೆ 200 ಗ್ಯಾಲನ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿಗೆ ಇಲ್ಲಿ ಕಾಲಾವಧಿಯೂ ನಿಗದಿಯಾಗಿದೆ: ನಲವತ್ತೈದು ವರ್ಷ.

ಪಕ್ಕದ ಕೆನಡಾ ಬೇಗ ಕೊಟ್ಟಿತು ಎಂಬುದನ್ನು ಒಪ್ಪಲೇಬೇಕು. 2018ರ ಅಕ್ಟೋಬರ್ 17ರಿಂದ ಅಲ್ಲಿ ಮನೆಗೆ ನಾಲ್ಕು ಗಿಡ. ಆದರೆ ಮಸೂದೆಯ ಮೊದಲ ರೂಪದಲ್ಲಿ ಯಾವ ಗಿಡವೂ 100 ಸೆಂಟಿಮೀಟರ್‌ಗಿಂತ ಎತ್ತರ ಬೆಳೆಯಕೂಡದು ಎಂಬ ಷರತ್ತಿತ್ತು. ರಾತ್ರಿ 99 ಸೆಂಟಿಮೀಟರ್ ಇದ್ದ ಗಿಡ ಒಡೆಯ ಮಲಗಿದ್ದಾಗ ಎರಡು ಸೆಂಟಿಮೀಟರ್ ಬೆಳೆದರೆ ಬೆಳಗಾಗುವಷ್ಟರಲ್ಲಿ ಆತ ಅಪರಾಧಿ. ಸಮಿತಿಯ ಹಂತದಲ್ಲಿ ಯಾರಿಗೋ ನಾಚಿಕೆಯಾಗಿ ಅದನ್ನು ಕೈಬಿಡಲಾಯಿತು. ಕೈಬಿಟ್ಟರೇನಂತೆ, ಕ್ವಿಬೆಕ್ ಪ್ರಾಂತ್ಯ ಮನೆಯ ಗಿಡವನ್ನು ಪೂರ್ತಿಯಾಗಿ ನಿಷೇಧಿಸಿ 250ರಿಂದ 750 ಡಾಲರ್ ದಂಡ ಗೊತ್ತುಮಾಡಿತು; ಗಾಂಜಾ ಮಾರುವ ಏಕೈಕ ಹಕ್ಕನ್ನು ಪ್ರಾಂತ್ಯದ ಸ್ವಂತ ನಿಗಮವೇ ಇಟ್ಟುಕೊಂಡಿತು. 2023ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ಫೆಡರಲ್ ಸಕ್ರಮದ ನಂತರವೂ ಗಿಡ ಅಕ್ರಮವಾಗಿ ಉಳಿಯಬಹುದೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ನ್ಯೂಜೆರ್ಸಿಯ ಹಿತ್ತಿಲುಗಳಲ್ಲಿ ಅವರೆ, ಬದನೆ, ಮೆಣಸಿನಕಾಯಿ ಬೆಳೆದು, ಚಳಿಗಾಲದಲ್ಲಿ ಕರಿಬೇವಿನ ಕುಂಡವನ್ನು ಕೂಸಿನಂತೆ ಒಳಗೆ ಹೊತ್ತು ತರುವ ನಮ್ಮ ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷ ಸ್ಥಾನವಿದೆ. ಗಾಂಜಾ ಸಂಬಂಧದ ಚಟುವಟಿಕೆ ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಫೆಡರಲ್ ಕಾನೂನಿನ ಉಲ್ಲಂಘನೆಯಾದರೆ ಪೌರತ್ವದ ಅರ್ಜಿದಾರರ ಸಚ್ಚಾರಿತ್ರ್ಯಕ್ಕೆ ಧಕ್ಕೆಯಾಗಬಹುದೆಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಗ್ರೀನ್ ಕಾರ್ಡಿಗಾಗಿ ವರ್ಷಾನುಗಟ್ಟಲೆ ಸರದಿಯಲ್ಲಿ ನಿಂತ ಸಾಫ್ಟ್‌ವೇರ್ ಎಂಜಿನಿಯರರ ಪಾಲಿಗೆ ಹಸಿರು ಎಂಬುದು ಕಾರ್ಡಿನಲ್ಲಿದ್ದರಷ್ಟೇ ಕ್ಷೇಮ.

ಕಾನೂನು ಬರುವುದೇ ಆದರೆ ಅದರ ಕರಡಿಗೆ ನನ್ನದೊಂದು ಅಳಿಲು ಸೇವೆ ಇರಲಿ. ಪ್ರತಿ ಗೃಹಕೃಷಿಕರೂ ಗಿಡ ನೆಡುವ ತೊಂಬತ್ತು ದಿನ ಮೊದಲು ನಾಲ್ಕು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಗಿಡದ ಭಾವಚಿತ್ರವನ್ನು ಎದುರಿನಿಂದಲೂ ಪಕ್ಕದಿಂದಲೂ ತೆಗೆಸಿ ಲಗತ್ತಿಸತಕ್ಕದ್ದು. ಗಿಡದ ವಾಸನೆ ಪಕ್ಕದ ರಾಜ್ಯಕ್ಕೆ ಹೋಗದಂತೆ ಗಾಳಿಯ ದಿಕ್ಕಿನ ಬಗ್ಗೆ ಪ್ರಮಾಣಪತ್ರ ಕೊಡತಕ್ಕದ್ದು. ಸಾವಿರಾರು ಗಿಡಗಳ ಷೆಡ್ಡುಗಳುಳ್ಳ ಕಂಪನಿಗಳಿಗೆ, ಅವು ಈಗಾಗಲೇ ಜವಾಬ್ದಾರಿಯುತವೆಂದು ಸಾಬೀತಾಗಿರುವುದರಿಂದ, ಇವೆಲ್ಲದರಿಂದ ವಿನಾಯಿತಿ. ಗೋಧಿಯ ತರ್ಕವನ್ನು ಕೊನೆಯವರೆಗೆ ಒಯ್ಯುವುದಾದರೆ ಬೆಳೆಯದೆ, ಕೊಳ್ಳದೆ, ಸೇದದೆ ಸುಮ್ಮನೆ ಮನೆಯಲ್ಲಿ ಕುಳಿತ ಕೋಟ್ಯಂತರ ಜನರನ್ನೂ ಬಿಡುವಂತಿಲ್ಲ. ಮಾರುಕಟ್ಟೆಗೆ ಅವರಷ್ಟು ನಷ್ಟ ಮಾಡುತ್ತಿರುವವರು ಯಾರೂ ಇಲ್ಲ. ಏನನ್ನೂ ಕೊಳ್ಳದವರನ್ನು ವ್ಯಾಪಾರ ನಿಯಂತ್ರಣದ ಹೆಸರಿನಲ್ಲಿ ಕೊಳ್ಳುವಂತೆ ಒತ್ತಾಯಿಸಲಾಗದು ಎಂದು ಸುಪ್ರೀಂ ಕೋರ್ಟ್ 2012ರ ಆರೋಗ್ಯ ವಿಮೆಯ ಪ್ರಕರಣದಲ್ಲಿ ಹೇಳಿದ್ದು ನಿಜ. ಆದರೆ ಕೊಳ್ಳದಿದ್ದುದಕ್ಕೆ ತೆರಿಗೆ ಹಾಕಬಹುದು ಎಂದೂ ಅದೇ ತೀರ್ಪಿನಲ್ಲಿದೆ.