ಗ್ರಾಮಸಭೆಗೆ ಜನ ಎಲ್ಲಿಂದ ಬರಬೇಕು?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪಂಚಾಯಿತಿಗಳಿಗೆ ಅನುದಾನ ಬಂದರೂ ಕೆಲಸ ಕಾಣುವುದಿಲ್ಲ, ಜನರಿಗೂ ಆಸಕ್ತಿ ಇಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಮೊದಲನೆಯದು ಸರಿ. ಎರಡನೆಯದನ್ನು ಒಪ್ಪುವುದು ಕಷ್ಟ.

ಜನವರಿ 26ರ ಗ್ರಾಮಸಭೆಗೆ ನಮ್ಮ ಪೂರ್ವ ಭಾಗದ ಯಾವುದಾದರೂ ಹಳ್ಳಿಗೆ ಬಂದು ನೋಡಿ. ಅರ್ಧ ಓಣಿಗೆ ಬೀಗ. ದೀಪಾವಳಿ ಹೊತ್ತಿಗೇ ಕೂಲಿಕಾರರನ್ನು ಕರೆದೊಯ್ಯುವ ಮುಕಾದಮನ ಹತ್ತಿರ ಮುಂಗಡ ತಗೊಂಡು ಗಂಡ-ಹೆಂಡತಿ ಕಬ್ಬು ಕಡಿಯಲು ಹೋಗಿರುತ್ತಾರೆ. ಇಬ್ಬರೂ ಸೇರಿ ಕೂಲಿ ಲೆಕ್ಕಕ್ಕೆ ಒಂದೇ ಕೊಯ್ತಾ, ಅಂದರೆ ಒಂದೇ ಕುಡುಗೋಲು! ಉಳಿಯುವವರು ಮುದುಕರು, ಮಕ್ಕಳು, ಒಂದಷ್ಟು ಕುರಿ. ಸಭೆಗೆ ಬೇಕಾದಷ್ಟು ಜನ, ಅಂದರೆ ಕೋರಂ, ಇಲ್ಲ ಅಂತ ಸಭೆ ಮುಂದೂಡುತ್ತಾರೆ. ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ, ಗೊತ್ತಲ್ವಾ? ಅಲ್ಲಿಗೆ ಕೆಲಸಗಳ ಪಟ್ಟಿ ಪಾಸ್. ನೋಟಿಸು, ಠರಾವು ಎಲ್ಲ ಮರಾಠಿಯಲ್ಲಿ. ಕನ್ನಡ ಶಾಲೆ ಕಲಿತ ಅಜ್ಜ ತೋರಿಸಿದ ಜಾಗದಲ್ಲಿ ಸುಮ್ನೆ ಸಹಿ ಹಾಕಿ ಎದ್ದು ಬರುತ್ತಾನೆ.

ಇನ್ನು ದುಡ್ಡಿನ ಮಾತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 2026ರವರೆಗೆ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಹಾಗಾಗಿ ನಲ್ಲಿಗಳೇನೋ ಬಂದಿವೆ. ಬೇಸಿಗೆಯಲ್ಲಿ ಕೊಡ ಇಡುವುದು ಮಾತ್ರ ಟ್ಯಾಂಕರಿನ ಮುಂದೆ. 2022ರ ಕೊನೆಗೆ ಇಲ್ಲಿನ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಅಂದಾಗ ಎರಡೂ ಕಡೆಯ ನಾಯಕರಿಗೆ ಬರೀ ಗಡಿ ಜಗಳ ಕೇಳಿಸಿತು. ಜನ ಕೇಳಿದ್ದು ಕೃಷ್ಣಾ ನದಿಯಿಂದ ನೀರೆತ್ತುವ ಮ್ಹೈಸಾಳ ಯೋಜನೆಯ ನೀರು.

ಆಸಕ್ತಿ ಇದೆಯೋ ಇಲ್ಲವೋ ಆಮೇಲೆ ನೋಡೋಣ. ಮೊದಲು ಪಟ್ಟಿ ಪಾಸ್ ಮಾಡುವ ಸಭೆಯನ್ನು ಕಬ್ಬಿನ ಸೀಸನ್ ಮುಗಿದ ಮೇಲೆ, ಮೇ ತಿಂಗಳಲ್ಲಿ ಇಡಲಿ. ನೋಟಿಸು ಕನ್ನಡದಲ್ಲೂ ಅಂಟಿಸಲಿ.