ಪರ-ವಿರೋಧ: ಡಾಕ್ ವಾಟ್ಸನ್ ಎಲೆಕ್ಟ್ರಿಕ್ ಗಿಟಾರ್ ಬಿಟ್ಟಿದ್ದು ಸರಿಯೇ?

ಪರ: ಬಿಟ್ಟಿದ್ದಕ್ಕೇ ನಮಗೆ ಸಿಕ್ಕರು

ಸಂಪಾದಕರು ‘ನೀವು ಇರೋದೇ ನಾರ್ತ್ ಕ್ಯಾರೊಲಿನಾದಲ್ಲಿ, ಪರ ನೀವೇ ಬರೆದುಕೊಡಿ’ ಅಂದರು. ಆಯ್ತು ಅಂದೆ. ಪೂರ್ತಿ ಒಪ್ಪಿ ಬರೆಯುತ್ತಿದ್ದೀನಾ ಅಂದರೆ, ಮುಕ್ಕಾಲು ಪಾಲು ಹೌದು.

ಅಮೆರಿಕದ ಹೆಸರಾಂತ ಜಾನಪದ ಗಿಟಾರಿಗ, ಗಾಯಕ ಡಾಕ್ ವಾಟ್ಸನ್ 1923ರಲ್ಲಿ ಇಲ್ಲಿನ ಡೀಪ್ ಗ್ಯಾಪ್ ಎಂಬ ಬೆಟ್ಟದ ಊರಲ್ಲಿ ಹುಟ್ಟಿದವರು. ಹಸುಗೂಸಾಗಿದ್ದಾಗಲೇ ಸೋಂಕು ತಗುಲಿ ಕಣ್ಣು ಹೋಯಿತು. 37 ವರ್ಷವಾದರೂ ಅವರ ಹೆಸರು ಬೆಟ್ಟ ದಾಟಿರಲಿಲ್ಲ. ಡಾನ್ಸ್ ಬ್ಯಾಂಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸೋದು, ಪಿಯಾನೋ ಟ್ಯೂನ್ ಮಾಡೋದು, ಹೀಗೆ ಸಂಸಾರ ನಡೀತಿತ್ತು. 1960ರಲ್ಲಿ ರಾಲ್ಫ್ ರಿಂಜ್ಲರ್ ಎಂಬುವರು ಹಳೆಯ ಹಾಡುಗಳನ್ನು ರೆಕಾರ್ಡ್ ಮಾಡಲು ಬಂದರು. ಕರೆಂಟಿನ ಗಿಟಾರ್ ಬೇಡ, ಅಕೂಸ್ಟಿಕ್ ನುಡಿಸಿ ಅಂದರು. ಡಾಕ್ ಕೊನೆಗೆ ಒಪ್ಪಿದರು. 1961ರಲ್ಲಿ ನ್ಯೂಯಾರ್ಕ್. 1963ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವ. ಮರುವರ್ಷ ಸ್ವಂತ ಆಲ್ಬಂ. 1997ರಲ್ಲಿ ರಾಷ್ಟ್ರೀಯ ಕಲಾ ಪದಕ.

ಬಿಡದೇ ಇದ್ದಿದ್ದರೆ ಇದೆಲ್ಲ ಎಲ್ಲಿ ಆಗ್ತಿತ್ತು? ಹೆಂಡತಿ, ಇಬ್ಬರು ಮಕ್ಕಳು. ಡಾಕ್‌ಗೆ 14 ವರ್ಷವಾದಾಗ ಅವರಪ್ಪ ಇಬ್ಬರು ಎಳೆಯುವ ಗರಗಸದ ಒಂದು ತುದಿಯನ್ನು ಮಗನ ಕೈಗೆ ಕೊಟ್ಟಿದ್ದರು. ಕಣ್ಣಿಲ್ಲದ ಹುಡುಗ ಅಂತ ಮೂಲೆಯಲ್ಲಿ ಕೂರಿಸಲಿಲ್ಲ. ದುಡಿದು ತಿನ್ನುವ ಛಲ ಅಲ್ಲಿಂದ ಬಂದಿದ್ದು. ಜನ ದುಡ್ಡು ಕೊಟ್ಟು ಕೇಳುತ್ತಾರೆ ಅಂದ ಮೇಲೆ ವಾದ್ಯ ಬದಲಾಯಿಸಿದರೆ ಏನು ತಪ್ಪು? ಬಿಟ್ಟಿದ್ದಕ್ಕೇ ನಮಗೆ ಸಿಕ್ಕರು.

ಇನ್ನು, ಕರೆಂಟು ಇದ್ದರೇ ಸಂಗೀತ ಅನ್ನುವವರಿಗೆ ಒಂದು ಮಾತು. ಮಗ ಮರ್ಲ್ 1985ರಲ್ಲಿ ಟ್ರ್ಯಾಕ್ಟರ್ ಅಪಘಾತದಲ್ಲಿ ತೀರಿಕೊಂಡ. ಅವನ ನೆನಪಿಗೆ ವಿಲ್ಕ್ಸ್‌ಬರೋದಲ್ಲಿ 1988ರಿಂದ ಮರ್ಲ್‌ಫೆಸ್ಟ್ ಎಂಬ ಸಂಗೀತ ಉತ್ಸವ ನಡೆಯುತ್ತದೆ. ನಾವೂ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು. ವೇದಿಕೆಗಿಂತ ಹೊರಗೇ ಜಾಸ್ತಿ ಚೆನ್ನಾಗಿತ್ತು. ಗುರುತು ಪರಿಚಯ ಇಲ್ಲದವರು ಸುತ್ತ ನಿಂತು ಶುರು ಮಾಡಿಬಿಡುತ್ತಾರೆ. ಒಬ್ಬ ಮುಗಿಸುತ್ತಿದ್ದ ಹಾಗೇ ಪಕ್ಕದವನತ್ತ ತಲೆ ಆಡಿಸುತ್ತಾನೆ, ಅವನು ಎತ್ತಿಕೊಳ್ಳುತ್ತಾನೆ. ಯಾರೂ ಪ್ಲಗ್ ಹುಡುಕಲಿಲ್ಲ.

ವಿರೋಧ: ಆ ಕೈ ತಯಾರಾಗಿದ್ದು ಯಾವ ಗಿಟಾರ್ ಮೇಲೆ?

ನಾನು ದಾವಣಗೆರೆ ಕಡೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವನು. ಡಾಕ್ ನನ್ನ ಕಸುಬಿನವನು, ಅದಕ್ಕೇ ಏಕವಚನ.

ಮೊದಲು ಆ ಡಾನ್ಸ್ ಬ್ಯಾಂಡಿನ ವಿಷಯ. ಜ್ಯಾಕ್ ವಿಲಿಯಮ್ಸ್ ಎಂಬುವನ ಬ್ಯಾಂಡ್ ಅದು. ಅದರಲ್ಲಿ ಪಿಟೀಲು ಇರಲಿಲ್ಲ. ಕುಣಿಯೋಕೆ ಬಂದ ಜನಕ್ಕೆ ಪಿಟೀಲಿನ ಮಟ್ಟುಗಳೇ ಬೇಕು. ಡಾಕ್ ಆ ಮಟ್ಟುಗಳನ್ನು ಒಂದೂ ಸ್ವರ ಬಿಡದೆ ತನ್ನ ಲೆಸ್ ಪಾಲ್ ಎಲೆಕ್ಟ್ರಿಕ್ ಗಿಟಾರಿಗೆ ಇಳಿಸಿದ. ಇದು ಸಣ್ಣ ಕೆಲಸ ಅಲ್ಲ. ಪಿಟೀಲಿನಲ್ಲಿ ಕಮಾನು ಒಂದೇ ಎಳೆತಕ್ಕೆ ನಾಲ್ಕು ಸ್ವರ ಜಾರಿಸುತ್ತದೆ. ಗಿಟಾರಿನಲ್ಲಿ ಒಂದೊಂದು ಸ್ವರಕ್ಕೂ ತಂತಿ ಮೀಟುವ ಪಿಕ್ ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹೋಗಬೇಕು. ಬಲಗೈ ಎಲ್ಲೂ ನಿಲ್ಲುವಂತಿಲ್ಲ. ನಿಂತರೆ ಕುಣಿಯುವವರ ಕಾಲು ತಪ್ಪುತ್ತದೆ. ತಂತಿ ಹಗುರ ಇರೋ ಎಲೆಕ್ಟ್ರಿಕ್ ಮೇಲೆ ವರ್ಷಗಟ್ಟಲೆ ಹೀಗೆ ತಿಕ್ಕಿದ್ದಕ್ಕೇ ಆ ಓಟ ಬಂದಿದ್ದು. ಮುಂದೆ ಜಾನಪದ ಉತ್ಸವಗಳಲ್ಲಿ ಜನ ಬೆಟ್ಟದ ಸಂಗೀತ ಅಂತ ಕಣ್ಣು ಮುಚ್ಚಿ ಕೇಳಿದ್ದು ಇದೇ ಓಟವನ್ನು. ಇವತ್ತು ಬ್ಲೂಗ್ರಾಸ್ ಎಂಬ ಅಲ್ಲಿನ ಸಂಗೀತ ಶೈಲಿಯ ಗಿಟಾರಿಗರೆಲ್ಲ ಅಭ್ಯಾಸ ಮಾಡೋದೂ ಅದನ್ನೇ.

ಡಾಕ್ ಸುಮ್ನೆ ಒಪ್ಪಲೂ ಇಲ್ಲ. ನನ್ನ ಹತ್ರ ಅಕೂಸ್ಟಿಕ್ ಇಲ್ಲ, ಇದರಲ್ಲೇ ನುಡಿಸ್ತೀನಿ ಅಂತ ಹಟ ಹಿಡಿದಿದ್ದ. ರಿಂಜ್ಲರ್ ಬೇಡ ಅಂದ. ಆಮೇಲೆ ಟ್ರಕ್ಕಿನಲ್ಲಿ ಹೋಗುವಾಗ ಡಾಕ್ ಬಾಂಜೋ ಎಂಬ ತಂತಿವಾದ್ಯ ಇಸ್ಕೊಂಡು ನುಡಿಸಿದಾಗ ರಿಂಜ್ಲರ್‌ಗೆ ಮಾತೇ ಹೊರಡಲಿಲ್ಲವಂತೆ. ಹೊರಡೋದಾದರೂ ಹೇಗೆ? ಅವನಿಗೆ ಬೇಕಿದ್ದ ಹಳ್ಳಿಗ ಆಗ ಕಂಡ. ಆದರೆ ಆ ಹಳ್ಳಿಗ ಗ್ರಾಮಫೋನ್, ರೇಡಿಯೋ ಕೇಳಿಕೊಂಡೇ ಬೆಳೆದವನು. ಮಗನಿಗೆ ಮರ್ಲ್ ಟ್ರಾವಿಸ್ ಎಂಬ ಗಿಟಾರಿಗನ ಹೆಸರಿಟ್ಟವನು.

ಇಂಥ ರಿಂಜ್ಲರ್‌ಗಳು ನನಗೂ ಸಿಕ್ಕಿದ್ದಾರೆ. ಒಂದು ಜಾನಪದ ಸಂಜೆಗೆ ಕರೆದಿದ್ದರು. ನಾನು ಆಂಪ್ಲಿಫೈಯರ್ ಇಳಿಸುತ್ತಿದ್ದ ಹಾಗೇ ಸಂಘಟಕರೊಬ್ಬರು ಓಡಿ ಬಂದು, ‘ಜಾನಪದಕ್ಕೆ ಗಿಟಾರ್ ಎಲ್ಲಿಂದ ಬಂತ್ರೀ?’ ಅಂದರು. ಅವರ ಹಿಂದೆ ವೇದಿಕೆ ಮೇಲೆ ಹಾರ್ಮೋನಿಯಂ ಇತ್ತು. ಅದು ಬಂದಿದ್ದು ಯುರೋಪಿನಿಂದ. ಗಾಯಕರ ಎದುರು ಮೈಕು ಬೇರೆ. ನಾನು ತಂತಿ ಸುತ್ತಿ ಹೊರಟೆ. ಅಷ್ಟರಲ್ಲಿ ಹಾಡುವ ಅಣ್ಣ, ಜಾತ್ರೆಗಳಲ್ಲಿ ನನ್ನ ಜೊತೆ ಎಷ್ಟೋ ರಾತ್ರಿ ಹಾಡಿದವರು, ‘ಏ ತಮ್ಮ, ನೀ ಇಲ್ದೆ ನಾ ಹಾಡಂಗಿಲ್ಲ, ಪರದೆ ಹಿಂದ ಕುಂದ್ರು’ ಅಂದರು. ಸರಿ, ಕುಂತೆ. ಎರಡು ತಾಸು ಪರದೆ ಹಿಂದೆ, ಸೊಳ್ಳೆ ಹೊಡೆಯೋಕೂ ಕೈ ಬಿಡುವಿಲ್ಲದೆ ನುಡಿಸಿದೆ. ಕೊನೆಗೆ ಅದೇ ಸಂಘಟಕರು ಮೈಕಿಗೆ ಬಂದು ‘ಅಪ್ಪಟ ಜಾನಪದ ಕೇಳಿ ಬಹಳ ದಿನ ಆಗಿತ್ತು’ ಅಂದರು. ಪಗಾರ ಕೊಡುವಾಗ ಮಾತ್ರ ನನ್ನ ಲೆಕ್ಕ ಮರೆತೇ ಹೋಗಿತ್ತು, ವೇದಿಕೆ ಮೇಲೆ ಇರಲಿಲ್ಲವಲ್ಲ.

ಹೊಟ್ಟೆಪಾಡು ಅಂತೀರಿ. ಅದು ಎಲ್ಲರಿಗೂ ಇದ್ದದ್ದೇ, ಅದನ್ನು ಇಲ್ಲಿ ಎಳೆದು ತರಬೇಡಿ. ಪ್ರಶ್ನೆ ಇರೋದು ಸಂಗೀತದ್ದು. 1995ರಲ್ಲಿ, 72ನೇ ವಯಸ್ಸಿಗೆ, ಡಾಕ್ ‘ಡಾಕಬಿಲಿ’ ಅಂತ ಹೆಸರಿಟ್ಟು ಹಳೆಯ ರಾಕ್ ಅಂಡ್ ರೋಲ್ ಕಾಲದ ಹಾಡುಗಳ ಆಲ್ಬಂ ತಂದ. ಅಲ್ಲಿವರೆಗೆ ಅವನನ್ನು ಕಾಯಿಸಿದ್ದು ಯಾರು ಅಂತ ‘ಪರ’ ಬರೆದವರೇ ಹೇಳಲಿ.